ಅಕ್ಕ, ತಮ್ಮ, ಒಂದು ಸಾಕುಮನೆ: ಚಿಕ್ಕಮಗಳೂರು ಜಿಲ್ಲೆಯ ಒಂದು ಪೋಷಕತ್ವ ಪ್ರಕರಣ

ರಕ್ಷಣೆಗೆ ಬಂದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ ಎನ್ನುತ್ತದೆ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರ 74ನೇ ಕಲಂ. ತಪ್ಪಿದರೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಕಾಫಿ ತೋಟದ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲುಮನೆಗಳಲ್ಲಿ), ಬಯಲುಸೀಮೆಯ ಸಾಕುಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಕುಟುಂಬದ ಪ್ರಕರಣವಾಗಿ ಜೋಡಿಸಿ ಇಲ್ಲಿ ಇಟ್ಟಿದ್ದೇವೆ. ಕಾನೂನಿನ ಭಾಗ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಮೊದಲಿಗೆ ಒಂದು ಪದದ ತೊಡಕು. ಇಲಾಖೆಯ ಕಾಗದದಲ್ಲಿ ‘ಫಾಸ್ಟರ್ ಕೇರ್’ಗೆ ‘ಪೋಷಕತ್ವ’ ಎನ್ನುತ್ತಾರೆ. ಶಾಲೆಯಲ್ಲಿ ‘ಪೋಷಕರ ಸಹಿ’ ಎಂದರೆ ಅಪ್ಪ ಅಮ್ಮನ ಸಹಿ. ಈ ಒಂದೇ ಪದ ಮುಂದೆ ಎರಡು ಕಡೆ ಗೊಂದಲ ತಂದಿತು. ಆದ್ದರಿಂದ ಇಲ್ಲಿ ಮಕ್ಕಳನ್ನು ಕೆಲಕಾಲ ಸಾಕಲು ಮುಂದೆ ಬಂದವರನ್ನು ಸಾಕುತಾಯಿ, ಸಾಕುತಂದೆ ಎಂದೇ ಕರೆದಿದ್ದೇವೆ.

ಮಕ್ಕಳು ಸಿಕ್ಕ ಬಗೆ

ಆಲ್ದೂರು ಕಡೆಯ ಒಂದು ಕಾಫಿ ತೋಟ. ಹುಡುಗಿಗೆ 11 ವರ್ಷ, 5ನೇ ತರಗತಿ. ತಮ್ಮನಿಗೆ 7, ಒಂದನೇ ತರಗತಿ. ಅಪ್ಪ ಅಮ್ಮ ಕಡೂರು ತಾಲ್ಲೂಕಿನ ಒಣಭೂಮಿಯ ಊರು ಬಿಟ್ಟು ಕೂಲಿಗೆ ಬಂದವರು. ಅಮ್ಮ ತೋಟದ ಕಾಯಂ ಕೂಲಿ, ಹಿಂದಿನ ವರ್ಷ ಕಾಯಿಲೆಯಿಂದ ತೀರಿಕೊಂಡಿದ್ದಳು. ಅಪ್ಪ ಕುಡಿತಕ್ಕೆ ಬಿದ್ದ. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದ ಫೆಬ್ರುವರಿಯಲ್ಲಿ, ಕೊಡಗಿನಲ್ಲಿ ಮೆಣಸು ಕೊಯ್ಲಿಗೆ ಜನ ಬೇಕಂತೆ ಎಂದು ಹೊರಟವನು ಹಿಂದಿರುಗಲಿಲ್ಲ. ಒಂಬತ್ತು ದಿನ ಮಕ್ಕಳಿಬ್ಬರೇ ಲೈನ್ ಮನೆಯಲ್ಲಿದ್ದರು. ಅಕ್ಕಪಕ್ಕದವರು ಅನ್ನ ಕೊಡುತ್ತಿದ್ದರು. ಹುಡುಗಿ ಶಾಲೆ ಬಿಟ್ಟು ಕಣ ಗುಡಿಸುವ ಕೆಲಸಕ್ಕೆ ನಿಂತಳು, ದಿನಕ್ಕಿಷ್ಟು ಎಂದು ಕೈಗೆ ಕಾಸೂ ಬರುತ್ತಿತ್ತು. 14 ವರ್ಷದೊಳಗಿನ ಮಗುವನ್ನು ಹೀಗೆ ಕೆಲಸಕ್ಕಿಟ್ಟರೆ 6 ತಿಂಗಳಿಂದ 2 ವರ್ಷ ಸೆರೆ, ಇಲ್ಲವೇ 20 ಸಾವಿರದಿಂದ 50 ಸಾವಿರ ದಂಡ, ಇಲ್ಲವೇ ಎರಡೂ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಪಾಪ, ಹುಡುಗಿಗೆ ನಾಲ್ಕು ಕಾಸು ಸಿಗಲಿ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಹಾಜರಿ ಪುಸ್ತಕದಲ್ಲಿ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಗೈರು ಎಂದು ಗಮನಿಸಿದ ಶಿಕ್ಷಕಿ ಲೈನಿಗೆ ಹೋಗಿ ನೋಡಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಇದು ಉಪಕಾರ ಮಾತ್ರವಲ್ಲ, ಕರ್ತವ್ಯ. ಪೋಷಕರಿಂದ ದೂರವಾಗಿ, ದಿಕ್ಕಿಲ್ಲದಂತೆ ಕಾಣುವ ಮಗುವನ್ನು ಕಂಡವರು 24 ಗಂಟೆಯೊಳಗೆ ತಿಳಿಸಲೇಬೇಕು ಎಂದು ಬಾಲನ್ಯಾಯ ಕಾಯ್ದೆಯ 32ನೇ ಕಲಂ ಹೇಳುತ್ತದೆ. ಕಂಡೂ ಸುಮ್ಮನಿದ್ದರೆ 34ನೇ ಕಲಂ ಪ್ರಕಾರ ಶಿಕ್ಷೆಗೂ ಗುರಿಯಾಗಬಹುದು.

ಸಹಾಯವಾಣಿಯವರು ಬರುವ ಹೊತ್ತಿಗೆ ಲೈನಿನಲ್ಲಿ ಎರಡು ‘ಪರಿಹಾರ’ಗಳು ಆಗಲೇ ಸಿದ್ಧವಾಗಿದ್ದವು. ಪಕ್ಕದ ಮನೆಯ ಮಕ್ಕಳಿಲ್ಲದ ದಂಪತಿ, ‘ಹುಡುಗನ್ನ ನಾವೇ ಸಾಕ್ತೀವಿ, ಬಾಂಡ್ ಪೇಪರಲ್ಲಿ ಬರೆಸ್ಕೊಳ್ತೀವಿ’ ಎಂದರು. ಪೇಟೆಯ ಒಂದು ಮನೆಯವರು ಹುಡುಗಿಯನ್ನು ‘ಓದಿಸ್ತೀವಿ, ಮನೇಲಿ ಸಣ್ಣಪುಟ್ಟ ಕೆಲಸ ಮಾಡ್ಕೊಂಡು ಇರ್ಲಿ’ ಎಂದು ಕೇಳಿದ್ದರು. ಮೊದಲನೆಯವರ ಮನಸ್ಸು ಒಳ್ಳೆಯದೇ, ದಾರಿ ಮಾತ್ರ ತಪ್ಪು. ಹಿಂದೂ ದತ್ತಕ ಕಾಯ್ದೆ 1956ರಲ್ಲಿ ಮಗುವನ್ನು ದತ್ತು ಕೊಡುವ ಅಧಿಕಾರ ಹೆತ್ತವರದು. ಹೆತ್ತವರಿಲ್ಲದಿದ್ದರೆ ನ್ಯಾಯಾಲಯದ ಅನುಮತಿ ಪಡೆದ ಪಾಲಕರದು. ತೋಟದ ಲೆಕ್ಕ ಬರೆಯುವ ರೈಟರ್ ಸಾಕ್ಷಿ ಹಾಕಿದ ಬಾಂಡ್ ಪೇಪರಿಗೆ ಆ ಬಲವಿಲ್ಲ. ಅನಾಥ, ಪರಿತ್ಯಕ್ತ ಇಲ್ಲವೇ ಒಪ್ಪಿಸಿಕೊಟ್ಟ ಮಗುವನ್ನು ವಿಧಿವಿಧಾನ ಬಿಟ್ಟು ದತ್ತು ಕೊಡುವುದು, ಪಡೆಯುವುದು ಬಾಲನ್ಯಾಯ ಕಾಯ್ದೆಯ 80ನೇ ಕಲಂನಡಿ ಅಪರಾಧ. ಎರಡನೆಯವರ ಮಾತಿನಲ್ಲಿ ‘ಸಣ್ಣಪುಟ್ಟ ಕೆಲಸ’ ಎಂಬುದೇ ಎಚ್ಚರಿಕೆಯ ಗಂಟೆ. ಮಗುವನ್ನು ಕೇಳಿಬಂದವರು ಮಗುವಿನ ವಯಸ್ಸಿಗಿಂತ ಮೊದಲು ಅದರ ಕೈಲಾಗುವ ಕೆಲಸ ವಿಚಾರಿಸಿದರೆ ಅಲ್ಲಿಗೇ ನಿಲ್ಲಿಸಬೇಕು.

ಮೊದಲ ರಾತ್ರಿ

ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು, ತಿಂಗಳಿಗೆ ಕನಿಷ್ಠ 20 ದಿನ ಕಲಾಪ. ಸಂಜೆಯಾದ್ದರಿಂದ ಸಮಿತಿ ಸೇರಿರಲಿಲ್ಲ. ಅಂಥ ವೇಳೆ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ನಮೂನೆ 17ರ ವರದಿ ಓದಿದ ಸದಸ್ಯರು ಹುಡುಗಿಯನ್ನು ಬಾಲಕಿಯರ ಬಾಲಮಂದಿರಕ್ಕೂ ಹುಡುಗನನ್ನು ಬಾಲಕರ ಬಾಲಮಂದಿರಕ್ಕೂ ಕಳಿಸಿದರು.

ಆ ರಾತ್ರಿಯಿಂದಲೇ ಹುಡುಗ ಹಾಸಿಗೆ ಒದ್ದೆ ಮಾಡತೊಡಗಿದ. ಹುಡುಗಿ ಊಟ ಬಿಟ್ಟಳು. ‘ಅವನಿಗೆ ಕತ್ತಲಂದ್ರೆ ಭಯ, ನಾನು ಪಕ್ಕದಲ್ಲಿಲ್ದೆ ಮಲಗಲ್ಲ’ ಎಂದು ಅಧೀಕ್ಷಕಿಗೆ ನೂರು ಸಲ ಹೇಳಿದಳು. ಅಮ್ಮ ಸತ್ತ ಮೇಲೆ ಅವನಿಗೆ ಅಮ್ಮನಾಗಿದ್ದವಳು ಅವಳೇ. ಬಾಲಮಂದಿರದವರ ತಪ್ಪೇನಿಲ್ಲ, ವ್ಯವಸ್ಥೆಯೇ ಗಂಡು ಹೆಣ್ಣು ಬೇರೆ ಎಂದಿದೆ. ಆದರೆ ಅಕ್ಕ ತಮ್ಮನನ್ನು ಕೂಡಿಸಬಲ್ಲ ಜಾಗ ಒಂದು ಮನೆ ಮಾತ್ರ ಎಂಬುದು ಮೊದಲ ದಿನವೇ ಸ್ಪಷ್ಟವಾಯಿತು. ಒಡಹುಟ್ಟಿದವರನ್ನು ಒಟ್ಟಿಗಿಡಲು ಸರ್ವಪ್ರಯತ್ನ ಮಾಡಬೇಕು ಎಂದು ಪೋಷಕತ್ವದ 44ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಸಂಸ್ಥೆಯಲ್ಲಿಡುವುದು ಕೊನೆಯ ಉಪಾಯ ಎಂಬುದು 3ನೇ ಕಲಂನ ಮೂಲ ತತ್ತ್ವಗಳಲ್ಲೊಂದು.

ಅಜ್ಜಿಯ ಮನೆ ಯಾಕಾಗಲಿಲ್ಲ

ಸಾಮಾಜಿಕ ತನಿಖಾ ವರದಿ (ನಮೂನೆ 22) 15 ದಿನದಲ್ಲಿ ಬರಬೇಕು, ಅಂತಿಮ ಆದೇಶ ಮಗು ಮೊದಲು ಹಾಜರಾದ ದಿನದಿಂದ 4 ತಿಂಗಳೊಳಗೆ. ತನಿಖೆಯಲ್ಲಿ ಮೊದಲು ಹುಡುಕಬೇಕಾದದ್ದು ರಕ್ತಸಂಬಂಧಿಗಳನ್ನು. ಕಡೂರು ತಾಲ್ಲೂಕಿನಲ್ಲಿ ಅಪ್ಪನ ತಾಯಿ ಸಿಕ್ಕರು. 68 ವರ್ಷ, ಮಂಡಿನೋವು, ಸಂಧ್ಯಾ ಸುರಕ್ಷಾ ಪಿಂಚಣಿಯ 1200 ರೂಪಾಯಿ, ಕಿರಿಮಗನ ಎರಡು ಅಂಕಣದ ಮನೆಯಲ್ಲಿ ಒಂದು ಮೂಲೆ. ‘ಮೊಮ್ಮಗನ್ನ ಕೊಡಿ ಸ್ವಾಮಿ, ಹುಡುಗೀನ ಹಾಸ್ಟ್ಲಿಗೆ ಹಾಕಿ. ಇಬ್ರುನೂ ಸಾಕೋ ಕಸುವು ನಂಗಿಲ್ಲ’ ಎಂದರು.

ಇಲ್ಲಿ ಬಹಳ ಜನ ಎಡವುತ್ತಾರೆ. ಕಾಯ್ದೆಯ ವ್ಯಾಖ್ಯಾನದ ಪ್ರಕಾರ ಪೋಷಕತ್ವ ಎಂದರೆ ಮಗುವಿನ ಜೈವಿಕ ಕುಟುಂಬವಲ್ಲದ ಬೇರೊಂದು ಕುಟುಂಬದಲ್ಲಿ ಇರಿಸುವುದು. ಅಜ್ಜಿ, ಸೋದರಮಾವ, ಚಿಕ್ಕಪ್ಪ ಸಾಕುವುದಾದರೆ ಅದು ಪೋಷಕತ್ವವಲ್ಲ. ಮಗುವನ್ನು ಅವರ ವಶಕ್ಕೆ ಒಪ್ಪಿಸಿ, ಆರ್ಥಿಕ ಬೆಂಬಲಕ್ಕೆ 45ನೇ ಕಲಂನ ಪ್ರಾಯೋಜಕತ್ವದಲ್ಲಿ (ಸ್ಪಾನ್ಸರ್‌ಶಿಪ್) ಅರ್ಜಿ ಹಾಕಬೇಕು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಎರಡಕ್ಕೂ ಮೊತ್ತ ಒಂದೇ, ಮಗುವಿಗೆ ತಿಂಗಳಿಗೆ 4000 ರೂಪಾಯಿ. ಆದರೆ ಪ್ರಾಯೋಜಕತ್ವಕ್ಕೆ ವಾರ್ಷಿಕ ಆದಾಯದ ಮಿತಿ ಇದೆ: ಹಳ್ಳಿಯಲ್ಲಿ 72 ಸಾವಿರ, ಪಟ್ಟಣದಲ್ಲಿ 96 ಸಾವಿರ. ಅರ್ಜಿ ತಪ್ಪು ಯೋಜನೆಯಡಿ ಹೋದರೆ ಅಜ್ಜಿ ‘ಪೋಷಕ ಕುಟುಂಬ’ವಾಗಲು ಅನರ್ಹ ಎಂಬ ಷರಾದೊಂದಿಗೆ ತಿರುಗಿ ಬರುತ್ತದೆ. ಸರಿಯಾದ ಅರ್ಜಿ ಯಾವುದು ಎಂದು ಆ ಮುದುಕಿಗೆ ಹೇಳುವವರು ಬೇಕಲ್ಲ.

ಇಬ್ಬರಿಗೂ ಪ್ರಾಯೋಜಕತ್ವ ಸಿಕ್ಕರೂ ಅಜ್ಜಿಯ ಮನೆ ಒಗ್ಗುತ್ತಿತ್ತೇ? ಸಮಿತಿ ಹುಡುಗಿಯನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳಿತು. ಚಿಕ್ಕಪ್ಪ ಕುಡಿದು ಬಂದಾಗ ಹೊಡೆಯುತ್ತಾನೆ ಎಂದಳು. ಹಾಗಾಗಿ ಅಜ್ಜಿಗೆ ಭೇಟಿಯ ಅವಕಾಶ ಉಳಿಸಿ, ವಾಸಕ್ಕೆ ಬೇಡ ಎಂದು ಕಾರಣ ಸಹಿತ ಬರೆಯಲಾಯಿತು. ಕಾರಣ ಬರೆಯುವುದು ಮುಖ್ಯ. ವರ್ಷದ ನಂತರ ಚಿಕ್ಕಪ್ಪ ‘ನಮ್ಮ ಮಕ್ಕಳನ್ನ ಯಾರಿಗೋ ಕೊಟ್ರು’ ಎಂದು ಗಲಾಟೆಗೆ ಬಂದಾಗ ಆ ನಾಲ್ಕು ಸಾಲೇ ಉತ್ತರವಾಯಿತು.

ಏಪ್ರಿಲ್‌ನಲ್ಲಿ ಪೊಲೀಸರು ಅಪ್ಪನನ್ನು ಕೊಡಗಿನ ತೋಟವೊಂದರಲ್ಲಿ ಪತ್ತೆಹಚ್ಚಿದರು. ಸಮಿತಿಯ ಮುಂದೆ ಅತ್ತ. ಮಕ್ಕಳು ಬೇಕು ಎಂದ. ಆದರೆ ಮನೆಯಿಲ್ಲ, ಹಳೆಯ ಲೈನ್ ಮನೆ ಬೇರೆಯವರಿಗೆ ಹೋಗಿತ್ತು, ಕೈ ನಡುಗುತ್ತಿತ್ತು. ಅವನು ಮಕ್ಕಳನ್ನು ತೊರೆದವನಲ್ಲ, ಸದ್ಯಕ್ಕೆ ಸಾಕಲಾರದವನು. ಇಡೀ ಪ್ರಕರಣ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಅಪ್ಪ ಮಕ್ಕಳನ್ನು ಒಪ್ಪಿಸಿಕೊಟ್ಟಿಲ್ಲ, ಮಕ್ಕಳು ಪರಿತ್ಯಕ್ತರೂ ಅಲ್ಲ. ಆದ್ದರಿಂದ 38ನೇ ಕಲಂನಡಿ ದತ್ತಿಗೆ ಮುಕ್ತ ಎಂದು ಘೋಷಿಸುವಂತಿಲ್ಲ. ದತ್ತು ಹೋಗಬಹುದಾದ ಮಗುವನ್ನು ದೀರ್ಘಾವಧಿ ಪೋಷಕತ್ವಕ್ಕೆ ಕೊಡುವಂತಿಲ್ಲ ಎಂದೂ 44ನೇ ಕಲಂ ಹೇಳುತ್ತದೆ. ಒಂದು ಬಾಗಿಲು ಮುಚ್ಚಿದೆ ಎಂದು ಖಾತ್ರಿಯಾದ ಮೇಲೇ ಇನ್ನೊಂದನ್ನು ತೆರೆಯಬೇಕು.

ಮನೆ ನೋಡುವುದು

ಬೀರೂರು–ಕಡೂರು ನಡುವಿನ ಒಂದು ಊರಿನ ದಂಪತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೆಸರು ಕೊಟ್ಟಿದ್ದರು. ಗಂಡನಿಗೆ 47, ಹೆಂಡತಿಗೆ 42. ಗಂಡನದು ತೆಂಗಿನಕಾಯಿ ವ್ಯಾಪಾರ, ಹೆಂಡತಿ ಮನೆಯಲ್ಲೇ ಹೊಲಿಗೆ. 19 ವರ್ಷದ ಮಗ ಹಾಸನದಲ್ಲಿ ಓದುತ್ತಿದ್ದಾನೆ. ಪೋಷಕತ್ವದ 2024ರ ಮಾದರಿ ಮಾರ್ಗಸೂಚಿ ದಂಪತಿಗೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಕೇಳುತ್ತದೆ. ಒಂಟಿಯಾಗಿರುವವರಿಗೂ ಈಗ ಅವಕಾಶವಿದೆ, ಆದರೆ ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.

ಗೃಹ ಅಧ್ಯಯನ ವರದಿಗೆ (ನಮೂನೆ 30) ಅಧಿಕಾರಿ ಮೂರು ಸಲ ಹೋದರು, ಅದರಲ್ಲಿ ಒಂದು ಸಲ ಹೇಳದೆ. ಆದಾಯ, ಪೊಲೀಸ್ ಪರಿಶೀಲನೆ, ವೈದ್ಯಕೀಯ ಪ್ರಮಾಣಪತ್ರ ಎಲ್ಲವೂ ಸರಿಯಿದ್ದವು. ಕಾಗದ ಸುಲಭ. ಕಷ್ಟದ ಪ್ರಶ್ನೆಗಳು ಬೇರೆ. ಯಾರು ಎಲ್ಲಿ ಮಲಗುತ್ತಾರೆ? ರಜೆಗೆ ಮಗ ಬಂದಾಗ 11 ವರ್ಷದ ಹುಡುಗಿಯ ಕೋಣೆ ಯಾವುದು, ಬಚ್ಚಲಿಗೆ ಒಳಚಿಲಕ ಇದೆಯೇ? ಮಗನನ್ನೂ ಕೂರಿಸಿ ಬೇರೆಯಾಗಿ ಮಾತಾಡಿಸಿದರು. ಚಿಲಕ ಇರಲಿಲ್ಲ, ಹಾಕಿಸಿದ ಮೇಲೇ ಮುಂದಿನ ಹೆಜ್ಜೆ. ಹುಡುಗಿ ಸಾಕುತಾಯಿಯ ಕೋಣೆಯಲ್ಲಿ, ಮಗ ಬಂದಾಗ ಅವನು ಹಜಾರದಲ್ಲಿ ಎಂದು ಬರೆಯಲಾಯಿತು. ಅನುಮಾನ ಯಾರ ಮೇಲೂ ಅಲ್ಲ; ಬೇರೆ ಮನೆಯ ಹೆಣ್ಣುಮಗು ಬರುವಾಗ ಇದನ್ನು ಕೇಳದೆ ಬಿಡುವುದೇ ಅಪಚಾರ.

‘ಯಾಕೆ ಸಾಕಬೇಕು ಅನಿಸ್ತು?’ ಎಂದು ಗಂಡ ಹೆಂಡತಿಯನ್ನು ಬೇರೆ ಬೇರೆ ಕೇಳಿದಾಗ ಉತ್ತರ ಎರಡಾಗಿತ್ತು. ಗಂಡ, ‘ಇರೋಷ್ಟು ದಿನ ಒಂದೊಳ್ಳೆ ದಾರಿ ತೋರಿಸ್ಬಹುದು’ ಎಂದರು. ಹೆಂಡತಿ, ‘ನಂಗೊಂದು ಹೆಣ್ಣುಮಗು ಬೇಕಿತ್ತು’ ಎಂದರು. ಅಧಿಕಾರಿ ಎರಡನ್ನೂ ವರದಿಯಲ್ಲಿ ಬರೆದರು, ಆಪ್ತಸಮಾಲೋಚನೆಗೂ ಶಿಫಾರಸು ಮಾಡಿದರು. ಸಮಾಲೋಚನೆ ಒಂದೇ ಸಲ, ಅರ್ಧ ಗಂಟೆಯಲ್ಲಿ ಮುಗಿಯಿತು. ಮುಂದಿನ ತೊಂದರೆಯ ಬೀಜ ಅಲ್ಲಿತ್ತು. ಈ ಉತ್ತರ ಬಂದ ಮನೆಯನ್ನು ಕೈಬಿಡಬೇಕಿಲ್ಲ. ‘ಈ ಮಕ್ಕಳಿಗೆ ಅಪ್ಪ ಇದ್ದಾನೆ, ಒಂದು ದಿನ ಕರೆದುಕೊಂಡು ಹೋಗಬಹುದು’ ಎಂಬ ಮಾತನ್ನು ಮೂರು ನಾಲ್ಕು ಸಲ ಕೂತು ಆಡಬೇಕು.

ಮಕ್ಕಳ ಅಧ್ಯಯನ ವರದಿಯಲ್ಲಿ (ನಮೂನೆ 31) ಹುಡುಗಿಯ ಹಿಮೋಗ್ಲೋಬಿನ್ 8.6 ಎಂದಿತ್ತು. ಕಬ್ಬಿಣಾಂಶದ ಮಾತ್ರೆ, ಜಂತುಹುಳುವಿಗೆ ಔಷಧಿ ಬಾಲಮಂದಿರದಲ್ಲೇ ಶುರುವಾಯಿತು. ದಂಪತಿ ಎರಡು ಸಲ ಬಂದು ಮಕ್ಕಳ ಜೊತೆ ಮಧ್ಯಾಹ್ನ ಕಳೆದರು. ಎರಡನೇ ಸಲ ಹುಡುಗಿ ಕೇಳಿದ್ದು ಒಂದೇ: ‘ನಾವಿಬ್ರೂ ಒಂದೇ ರೂಮಲ್ಲಿ ಮಲಗ್ಬಹುದಾ?’ ಹೌದು ಎಂದರು.

ಆದೇಶ, ಅದರ ಸುತ್ತಲಿನ ಕಾಗದ

ಮೇ ಕೊನೆಯ ವಾರ, ಶಾಲೆ ತೆರೆಯುವ ಮೊದಲೇ ಪೋಷಕತ್ವದ ಆದೇಶ (ನಮೂನೆ 32) ಬಂತು. ದಂಪತಿ ಮುಚ್ಚಳಿಕೆಗೆ (ನಮೂನೆ 33) ಸಹಿ ಹಾಕಿದರು. ಅವಧಿ ಒಂದು ವರ್ಷ. ಒಂದು ವರ್ಷದವರೆಗಿನದು ಅಲ್ಪಾವಧಿ, ಮೀರಿದ್ದು ದೀರ್ಘಾವಧಿ. ಆದೇಶವನ್ನು ಶಾಲಾ ವರ್ಷಕ್ಕೆ ಹೊಂದಿಸಿ ಬರೆದದ್ದು ಈ ಸಮಿತಿಯ ಜಾಣತನ. ನವೆಂಬರಿನಲ್ಲಿ ಮುಗಿಯುವ ಆದೇಶ ಮಗುವನ್ನು ಅರ್ಧ ಪಾಠದಲ್ಲಿ ಎಬ್ಬಿಸುತ್ತದೆ.

ಶಾಲೆಗೆ ಸೇರಿಸುವುದು ಸುಲಭವಾಯಿತು. ಹಳೆಯ ಶಾಲೆಯ ಟಿಸಿ ತಡವಾದರೂ ಅದನ್ನೇ ಕಾರಣವಾಗಿಸಿ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ 2009ರ 5ನೇ ಕಲಂ ಹೇಳುತ್ತದೆ. ಮುಖ್ಯಶಿಕ್ಷಕರಿಗೆ ಆದೇಶದ ಪ್ರತಿ ಕೊಟ್ಟು, ದಾಖಲೆಯಲ್ಲಿ ತಂದೆ ತಾಯಿಯ ಹೆಸರು ಬದಲಿಸಬೇಡಿ ಎಂದು ಬರವಣಿಗೆಯಲ್ಲೇ ಕೇಳಲಾಯಿತು. ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ತಂದೆಯ ಹೆಸರಿನ ಜಾಗಕ್ಕೆ ಸಾಕುತಂದೆಯ ಹೆಸರು ಹೋದರೆ ಮುಂದೆ ಜಾತಿ ಪ್ರಮಾಣಪತ್ರದಿಂದ ಹತ್ತನೇ ತರಗತಿಯ ಅಂಕಪಟ್ಟಿಯವರೆಗೆ ತಿದ್ದುಪಡಿಗೆ ಅಲೆಯಬೇಕು. ಮಗುವಿನ ಜಾತಿ, ಇನಿಷಿಯಲ್, ಹೆತ್ತವರ ಆಸ್ತಿಯ ಹಕ್ಕು ಯಾವುದೂ ಪೋಷಕತ್ವದಿಂದ ಬದಲಾಗುವುದಿಲ್ಲ. ಸಾಕುಮನೆಯ ಆಸ್ತಿಯಲ್ಲಿ ಪಾಲೂ ಬರುವುದಿಲ್ಲ. ಮಕ್ಕಳ ಹೆಸರು ಅಪ್ಪನ ರೇಷನ್ ಕಾರ್ಡಿನಲ್ಲೇ ಉಳಿಯಿತು.

ಹುಡುಗನ ಆಧಾರ್ ತಲೆನೋವಾಯಿತು. 5 ವರ್ಷವಾದ ಮೇಲೆ ಬೆರಳಚ್ಚು ಕೊಟ್ಟು ನವೀಕರಿಸಿರಲಿಲ್ಲ. ಜೊತೆಗೆ ಬ್ಯಾಂಕ್ ಖಾತೆ. ಬ್ಯಾಂಕಿನವರು ‘ಗಾರ್ಡಿಯನ್ ಆದೇಶ’ ಕೇಳಿದರು. ಸಾಕುತಾಯಿ ಪೋಷಕತ್ವದ ಆದೇಶ ತೋರಿಸಿದರು. ಅದು ಆ ಆದೇಶವಲ್ಲ ಎಂದರು. ರಕ್ಷಣಾ ಘಟಕದಿಂದ ಬ್ಯಾಂಕಿಗೆ ನೇರ ಪತ್ರ ಹೋಗುವವರೆಗೆ ಎರಡೂವರೆ ತಿಂಗಳು ಕಳೆದವು. ಇಬ್ಬರಿಗೆ ಸೇರಿ ತಿಂಗಳಿಗೆ 8000 ರೂಪಾಯಿ ಬರಬೇಕಾದದ್ದು ಐದು ತಿಂಗಳು ಬಾಕಿಯಾಗಿ, ನವೆಂಬರಿನಲ್ಲಿ 40 ಸಾವಿರ ಒಟ್ಟಿಗೆ ಜಮೆಯಾಯಿತು. ತೆಂಗಿನಕಾಯಿ ವ್ಯಾಪಾರದ ಈ ಮನೆ ಅಷ್ಟು ದಿನ ತಡೆದುಕೊಂಡಿತು. ಕೂಲಿ ಮಾಡುವ ಮನೆಯಾಗಿದ್ದರೆ ಮಕ್ಕಳನ್ನು ವಾಪಸ್ ಕಳಿಸಬೇಕಾಗುತ್ತಿತ್ತು. ಆದೇಶ ಬರುವ ಮೊದಲೇ, ಗೃಹ ಅಧ್ಯಯನದ ಹಂತದಲ್ಲೇ ಖಾತೆ, ಆಧಾರ್ ಎರಡನ್ನೂ ಮುಗಿಸಿಕೊಳ್ಳಿ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ನಮ್ಮ ಒತ್ತಾಯ.

ಆದೇಶದಲ್ಲಿ ಇನ್ನೊಂದು ಸಾಲು ಇರಬೇಕಿತ್ತು, ಇರಲಿಲ್ಲ: ತುರ್ತು ಚಿಕಿತ್ಸೆಗೆ ಸಹಿ ಹಾಕುವವರು ಯಾರು? ಜುಲೈನಲ್ಲಿ ಹುಡುಗ ಜಾರಿ ಬಿದ್ದು ಮುಂಗೈ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ‘ಪೋಷಕರ ಸಹಿ’ ಕೇಳಿದರು. ಸಾಕುತಂದೆ ನಾವೇ ಪೋಷಕರು ಎಂದರು, ದಾಖಲೆಯಲ್ಲಿ ಹೆಸರು ಬೇರೆ. ಸಮಿತಿಯ ಅಧ್ಯಕ್ಷರು ಫೋನಿನಲ್ಲಿ ಮಾತಾಡಿದ ಮೇಲೆ ಅರಿವಳಿಕೆ ಕೊಟ್ಟು ಮೂಳೆ ಕೂರಿಸಿದರು. ನಂತರ ಆ ಸಾಲನ್ನು ತಿದ್ದುಪಡಿ ಆದೇಶದಲ್ಲಿ ಸೇರಿಸಲಾಯಿತು. ಈಗ ಅದರ ಪ್ರತಿ ಲ್ಯಾಮಿನೇಟ್ ಆಗಿ ಅವರ ಮನೆಯ ಬೀರುವಿನಲ್ಲಿದೆ.

ಅಮ್ಮನ ಪಿಎಫ್ ಯಾರ ಗಮನಕ್ಕೂ ಬಂದಿರಲಿಲ್ಲ. ಕಾಯಂ ಕೂಲಿಯಾಗಿದ್ದ ಆಕೆಯ ಹೆಸರಲ್ಲಿ ಖಾತೆ ಇತ್ತು. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ಮಕ್ಕಳ ಪಿಂಚಣಿ ಸಿಗುತ್ತದೆ, ತಲಾ ಕನಿಷ್ಠ 250 ರೂಪಾಯಿ. ಮೊತ್ತ ಚಿಕ್ಕದು, ಆದರೆ ಅದು ಅಮ್ಮನ ದುಡಿಮೆ. ಅರ್ಜಿ ಹಾಕಬೇಕಾದವನು ಅಪ್ಪ, ಸಾಕುಮನೆಯವರಲ್ಲ. ಸಮಿತಿಯ ಸೂಚನೆಯಂತೆ ಅಪ್ಪನಿಂದಲೇ ಅರ್ಜಿ ಹಾಕಿಸಲಾಯಿತು.

ಮೂರನೇ ತಿಂಗಳಿನ ಬಿರುಕು

ಮೊದಲ ತಿಂಗಳು ಮಕ್ಕಳು ನೆಂಟರ ಮನೆಯಲ್ಲಿದ್ದಂತೆ ಇದ್ದರು. ಜುಲೈಯಲ್ಲಿ ಹುಡುಗಿಯ ದಿಂಬಿನಡಿ ಚಪಾತಿ, ಬಿಸ್ಕತ್ತು ಸಿಗತೊಡಗಿದವು. ಹಸಿವು ಕಂಡ ಮಕ್ಕಳು ಹೀಗೆ ಮಾಡುತ್ತಾರೆ. ಬೈದರೆ ಬಚ್ಚಿಡುವ ಜಾಗ ಬದಲಾಗುತ್ತದೆ ಅಷ್ಟೇ. ಮುಚ್ಚಳವಿರುವ ಒಂದು ಡಬ್ಬಿಯನ್ನು ಅವಳ ಹೆಸರಿಗೇ ಕೊಟ್ಟು, ಅದರಲ್ಲಿ ಯಾವಾಗಲೂ ಏನಾದರೂ ಇರುವಂತೆ ನೋಡಿಕೊಳ್ಳಿ ಎಂದು ಸಮಾಲೋಚಕಿ ಹೇಳಿದರು. ಅಕ್ಟೋಬರ್ ಹೊತ್ತಿಗೆ ಡಬ್ಬಿಯಲ್ಲಿ ಹೇರ್‌ಬ್ಯಾಂಡ್‌ಗಳು ತುಂಬಿದ್ದವು.

ತಮ್ಮನಿಗೆ ಸ್ನಾನ ಮಾಡಿಸುವುದು, ಊಟ ಹಾಕುವುದು ಯಾರು ಎಂಬುದಕ್ಕೂ ಜಗ್ಗಾಟ ನಡೆಯಿತು. ‘ಅವನಿಗೆ ನಾನೇ ಹಾಕೋದು’ ಎಂದು ಹುಡುಗಿ ತಟ್ಟೆ ಕಿತ್ತುಕೊಳ್ಳುತ್ತಿದ್ದಳು. ಸಾಕುತಾಯಿಗೆ ಇದು ತನ್ನನ್ನು ದೂರ ತಳ್ಳಿದಂತೆ ಅನಿಸಿತು. ಕರೆಯುವ ಹೆಸರೂ ಅದೇ ಕಥೆ. ಹುಡುಗ ಮೂರನೇ ತಿಂಗಳಿಗೆ ‘ಅಮ್ಮ’ ಎಂದ. ಹುಡುಗಿ ‘ದೊಡ್ಡಮ್ಮ’ ಎಂಬುದಕ್ಕೇ ಅಂಟಿಕೊಂಡಳು. ಅಮ್ಮ ಎನ್ನು ಎಂದು ಒಮ್ಮೆ ಒತ್ತಾಯವೂ ಆಯಿತು. ಒತ್ತಾಯಿಸಬಾರದು, ಆ ಹುಡುಗಿಗೆ ಅಮ್ಮ ಎಂಬ ಪದದಲ್ಲಿ ಒಂದು ಮುಖ ಇದೆ.

ನಿಜವಾದ ಬಿರುಕು ಅಪ್ಪನ ಭೇಟಿಯಲ್ಲಿ ಬಂತು. ತಿಂಗಳ ಮೊದಲ ಭಾನುವಾರ ಸಾಕುಮನೆಯಲ್ಲೇ ಭೇಟಿ ಎಂದು ಆದೇಶದಲ್ಲಿತ್ತು. ಜೂನ್ ಭೇಟಿ ಚೆನ್ನಾಗಿಯೇ ಆಯಿತು. ಜುಲೈಯಲ್ಲಿ ಶನಿವಾರದ ಬಟವಾಡೆ ಮುಗಿಸಿ ಬಂದ ಅಪ್ಪನ ಬಾಯಲ್ಲಿ ವಾಸನೆ ಇತ್ತು. ಓಣಿಯ ಜನ ನೋಡಿದರು. ಅವನು ಹೋದ ಮೇಲೆ ಹುಡುಗ ಮೂರು ರಾತ್ರಿ ಹಾಸಿಗೆ ಒದ್ದೆ ಮಾಡಿದ. ಆಗಸ್ಟ್ ಭೇಟಿಗೆ ಸಾಕುತಾಯಿ ‘ಹುಡುಗನಿಗೆ ಜ್ವರ’ ಎಂದು ಫೋನಿನಲ್ಲಿ ಹೇಳಿ ತಪ್ಪಿಸಿದರು. ಸೆಪ್ಟೆಂಬರಿನಲ್ಲಿ ‘ಊರಲ್ಲಿಲ್ಲ’ ಎಂದರು. ಅಪ್ಪ ಬಸ್ ಸ್ಟ್ಯಾಂಡಿನಿಂದಲೇ ವಾಪಸ್ ಹೋದ. ಹೋಗಿ ಮತ್ತೆ ಕುಡಿದ.

ಪ್ರತಿ ತಿಂಗಳು ಸಾಕುಮನೆಯನ್ನು ಪರಿಶೀಲಿಸಬೇಕು ಎಂದು 44ನೇ ಕಲಂ ಹೇಳುತ್ತದೆ, ಅದಕ್ಕೆ ನಮೂನೆ 35 ಇದೆ. ಹಾಗಿದ್ದೂ ಎರಡು ತಿಂಗಳು ಇದು ಹೇಗೆ ತಪ್ಪಿಹೋಯಿತು? ಆಗಸ್ಟಿನ ಪರಿಶೀಲನೆ ಫೋನಿನಲ್ಲೇ ಮುಗಿಯಿತು. ಸೆಪ್ಟೆಂಬರಿನದು ಮನೆಯ ಹಜಾರದಲ್ಲಿ, ಸಾಕುತಾಯಿ ಪಕ್ಕದಲ್ಲೇ ಕೂತಿರುವಾಗ ಆಯಿತು. ‘ಹೇಗಿದೀರಾ?’ ‘ಚೆನ್ನಾಗಿದೀವಿ.’ ನಮೂನೆ ತುಂಬಿತು. ಅಕ್ಟೋಬರಿನಲ್ಲಿ ಬಂದ ಬೇರೆ ಅಧಿಕಾರಿ ಮೊದಲು ಶಾಲೆಗೆ ಹೋದರು, ಆಟದ ಮೈದಾನದ ಕಟ್ಟೆಯ ಮೇಲೆ ಹುಡುಗಿಯ ಜೊತೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು: ‘ಮೇಡಂ, ನಮ್ಮಪ್ಪ ಸತ್ತೋದ್ರಾ? ಯಾರೂ ಹೇಳ್ತಿಲ್ಲ.’

ಮಗುವಿನ ಜೊತೆ ಒಂಟಿಯಾಗಿ, ಮನೆಯ ಹೊರಗೆ ಮಾತಾಡದ ಪರಿಶೀಲನೆಯನ್ನು ಪರಿಶೀಲನೆ ಎಂದು ಎಣಿಸಲೇಬಾರದು. ಕಳೆದ ಸಲ ಅಪ್ಪ ಬಂದಾಗ ಏನು ತಿಂದಿರಿ, ಬೆಳಗ್ಗೆ ಮೊದಲು ಎದ್ದವರು ಯಾರು, ಮನೆಯಲ್ಲಿ ನಿನ್ನ ಕೆಲಸ ಏನು, ಸಿಟ್ಟು ಬಂದಾಗ ಎಲ್ಲಿ ಕೂರುತ್ತೀಯ, ಹೀಗೆ ಕೇಳಬೇಕು. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ.

ಸಮಿತಿ ಮಾಡಿದ್ದು

ಸಾಕುಮನೆಯ ಆರೈಕೆಯಲ್ಲಿ ಕೊರತೆ ಕಂಡರೆ ಮಗುವನ್ನು ಬೇರೆ ಸಾಕುಮನೆಗೆ ಕಳಿಸಬೇಕು ಎನ್ನುತ್ತದೆ ಕಾಯ್ದೆ. ಹಾಗೆ ಮಾಡಿದ್ದರೆ ಮಕ್ಕಳಿಗೆ ಎಂಟು ತಿಂಗಳಲ್ಲಿ ಮೂರನೇ ಸಲ ಜಾಗ ಬದಲಾಗುತ್ತಿತ್ತು. ಸಮಿತಿ ದಂಪತಿಯನ್ನು ಕರೆಸಿ ಕೇಳಿತು. ಸಾಕುತಾಯಿ ಅಳುತ್ತಾ ಹೇಳಿದ್ದು: ‘ಎರಡು ವರ್ಷ ಸಾಕಿದ್ರೆ ದತ್ತು ಕೊಡ್ತಾರೆ ಅಂದಿದ್ರು. ಅವರಪ್ಪ ಬರ್ತಾ ಇದ್ರೆ ಆಗಲ್ವೇನೋ ಅಂತ...’

ಅವರು ಕೇಳಿದ್ದು ಅರ್ಧ ನಿಜ. 2024ರ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ಸಾಕಿದವರು ಆ ಮಗುವನ್ನು ದತ್ತು ಕೇಳಬಹುದು. ಹಿಂದೆ ಇದು ಐದು ವರ್ಷವಿತ್ತು. ಆದರೆ ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತವಾಗಿರಬೇಕು. ಅಪ್ಪ ಬದುಕಿದ್ದು, ಬೇಕು ಎನ್ನುತ್ತಿರುವಾಗ ಎರಡಲ್ಲ, ಆರು ವರ್ಷ ಸಾಕಿದರೂ ಆ ದಾರಿ ತೆರೆಯುವುದಿಲ್ಲ. ಅಪ್ಪನ ಭೇಟಿ ತಪ್ಪಿಸಿದರೆ ದತ್ತು ಹತ್ತಿರ ಬರುವುದಿಲ್ಲ, ಆದೇಶ ಮೀರಿದಂತಾಗುತ್ತದೆ. ಹೆತ್ತವರ ಭೇಟಿ ಮಗುವಿಗೆ ಒಳ್ಳೆಯದಲ್ಲ ಎಂದು ತೀರ್ಮಾನಿಸುವ ಅಧಿಕಾರ ಸಮಿತಿಗೆ ಮಾತ್ರ ಇದೆ, ಅದೂ ಕಾರಣ ಬರೆದು. ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಪೋಷಕತ್ವದ ವಿಷಯದಲ್ಲಿ ಮೇಲ್ಮನವಿ ಮಕ್ಕಳ ನ್ಯಾಯಾಲಯಕ್ಕಲ್ಲ.

ಅದೇ ವೇಳೆ ಸಮಿತಿ ಸಾಕುತಾಯಿಯ ಭಯವನ್ನೂ ತಳ್ಳಿಹಾಕಲಿಲ್ಲ. ಕುಡಿದು ಬಂದ ಅಪ್ಪ, ಒದ್ದೆ ಹಾಸಿಗೆ, ಓಣಿಯ ಮಾತು ಇವೆಲ್ಲ ನಿಜ. ತಿದ್ದುಪಡಿ ಆದೇಶದಲ್ಲಿ ಭೇಟಿಯ ಜಾಗ ಸಾಕುಮನೆಯಿಂದ ಊರಿನ ಅಂಗನವಾಡಿ ಕಟ್ಟಡಕ್ಕೆ ಬದಲಾಯಿತು. ಎರಡೇ ಗಂಟೆ, ರಕ್ಷಣಾ ಘಟಕದ ಒಬ್ಬರು ಹಾಜರು. ದಿನ ಬಟವಾಡೆಯಿಲ್ಲದ ವಾರದ ಭಾನುವಾರ. ಕುಡಿದು ಬಂದರೆ ಅಂದಿನ ಭೇಟಿ ಇಲ್ಲ, ಆದರೆ ಮುಂದಿನದು ರದ್ದಾಗುವುದಿಲ್ಲ. ಬುಧವಾರ ಸಂಜೆ ಹತ್ತು ನಿಮಿಷ ಫೋನು. ಭೇಟಿಯ ಹಿಂದಿನ ದಿನ ಸಾಕುತಾಯಿಯೇ ಹುಡುಗನಿಗೆ ‘ನಾಳೆ ಅಪ್ಪ ಬರ್ತಾರೆ, ಎರಡು ಗಂಟೆ ಇದ್ದು ಹೋಗ್ತಾರೆ, ನೀನು ರಾತ್ರಿ ಇಲ್ಲೇ ಮಲಗ್ತೀಯ’ ಎಂದು ಹೇಳಬೇಕು. ಹುಡುಗನ ಭಯ ಅಪ್ಪ ಬರುವುದಕ್ಕಲ್ಲ, ಬಂದವರು ತನ್ನನ್ನು ಅಕ್ಕನಿಂದ ಬಿಡಿಸಿ ಎಲ್ಲಿಗೋ ಒಯ್ಯುತ್ತಾರೆ ಎಂಬುದಕ್ಕೆ. ಹಾಗೆ ಹೇಳಲು ಶುರುಮಾಡಿದ ಮೇಲೆ ಒದ್ದೆ ರಾತ್ರಿಗಳು ಮೂರರಿಂದ ಒಂದಕ್ಕೆ ಇಳಿದವು, ಜನವರಿಯಲ್ಲಿ ನಿಂತವು.

ಅಪ್ಪನಿಗೂ ಷರತ್ತು ಬರವಣಿಗೆಯಲ್ಲಿ ಸಿಕ್ಕಿತು: ತಾಲ್ಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡುವ ಚಿಕಿತ್ಸೆ, ಚೀಟಿಯ ಪ್ರತಿ ಪ್ರತಿ ತಿಂಗಳು; ಆರು ತಿಂಗಳು ಒಂದೇ ಕಡೆ ಕೆಲಸ; ಮಕ್ಕಳಿಗೆ ಮಲಗಲು ಜಾಗವಿರುವ ಮನೆ. ‘ಸರಿಹೋಗು, ಆಮೇಲೆ ನೋಡೋಣ’ ಎನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ದೊಡ್ಡದು. ಏನು ಮಾಡಿದರೆ ಮಕ್ಕಳು ಸಿಗುತ್ತಾರೆ ಎಂದು ಅವನಿಗೆ ಯಾರೂ ಅದುವರೆಗೆ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ಒಮ್ಮೆ ಜಾರಿದ, ಆ ತಿಂಗಳ ಭೇಟಿ ತಪ್ಪಿತು. ಮತ್ತೆ ಚಿಕಿತ್ಸೆಗೆ ಹೋದ. ಫೆಬ್ರುವರಿಯಲ್ಲಿ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಲೈನ್ ಮನೆ ಸಿಕ್ಕಿತು.

ವರ್ಷದ ಕೊನೆಗೆ

ಏಪ್ರಿಲ್ ರಜೆಯಲ್ಲಿ ಮಕ್ಕಳು ಮೊದಲು ಒಂದು ವಾರ, ಆಮೇಲೆ ಹತ್ತು ದಿನ ಅಪ್ಪನ ಜೊತೆ ಇದ್ದರು. ಜೊತೆಗಿರಲು ಅಜ್ಜಿಯನ್ನು ಕರೆಸಿಕೊಂಡಿದ್ದ. ಮೇ ತಿಂಗಳ ವಿಚಾರಣೆಯಲ್ಲಿ ಹುಡುಗಿ, ಈಗ 12 ತುಂಬಿದವಳು, ಅಪ್ಪ ಅಡುಗೆ ಮಾಡುತ್ತಾರೆ, ಸಾರಿಗೆ ಉಪ್ಪು ಜಾಸ್ತಿ ಎಂದಳು. ತೋಟದಿಂದ ಶಾಲೆಗೆ ಎಷ್ಟು ದೂರ ಎಂದು ಕೇಳಿದಾಗ ಸುಮ್ಮನಾದಳು. ಕೊಯ್ಲಿನ ಕಾಲದಲ್ಲಿ ಅಪ್ಪ ಬೆಳಕು ಹರಿಯುವಾಗ ಹೋದರೆ ಸಂಜೆಗೇ ಬರುವುದು. ಆ ಹೊತ್ತಿನಲ್ಲಿ ಮಕ್ಕಳನ್ನು ನೋಡುವವರಿಲ್ಲ, ಅಜ್ಜಿ ಮಳೆಗಾಲದಲ್ಲಿ ಮಲೆನಾಡಿನಲ್ಲಿ ಇರಲಾರರು.

ಸಮಿತಿ ಪೋಷಕತ್ವವನ್ನು ಮುಂದಿನ ಏಪ್ರಿಲ್ ಕೊನೆಯವರೆಗೆ ವಿಸ್ತರಿಸಿತು. ವರ್ಷ ಮೀರಿದ್ದರಿಂದ ಇದೀಗ ದೀರ್ಘಾವಧಿಯ ಆದೇಶ. ಮಕ್ಕಳು ದತ್ತಿಗೆ ಹೋಗಬಲ್ಲವರಲ್ಲವಾದ್ದರಿಂದ ಅಡ್ಡಿಯಿಲ್ಲ. ದಸರಾ ರಜೆ ಮತ್ತು ತಿಂಗಳಿಗೆ ಒಂದು ಶನಿವಾರ, ಭಾನುವಾರ ಅಪ್ಪನ ಮನೆಯಲ್ಲಿ. ಮುಂದಿನ ಏಪ್ರಿಲ್‌ನಲ್ಲಿ ಮಕ್ಕಳು ಅಪ್ಪನ ಬಳಿಗೆ ಮರಳಿದರೆ ಅದೇ ತಿಂಗಳಿಂದ ಪ್ರಾಯೋಜಕತ್ವಕ್ಕೆ ಅರ್ಜಿ ಸಿದ್ಧವಿರಬೇಕು, ನಡುವೆ ಒಂದು ತಿಂಗಳೂ ಹಣ ನಿಲ್ಲಬಾರದು ಎಂದು ರಕ್ಷಣಾ ಘಟಕಕ್ಕೆ ಸೂಚನೆ. ಮಕ್ಕಳು ಮರಳಿದ ಮೇಲೂ ಸಾಕುಮನೆಯವರು ನೋಡಲು ಬರಬಹುದೇ ಎಂದು ಸಾಕುತಂದೆ ಕೇಳಿದರು. ಸಮಿತಿ ಅಪ್ಪನ ಮುಖ ನೋಡಿತು. ಅವನು, ‘ಬರ್ಲಿ ಅಕ್ಕಾವ್ರು, ಹಬ್ಬಕ್ಕೂ ಬರ್ಲಿ’ ಎಂದ. ಅದನ್ನೂ ಆದೇಶದ ಕೊನೆಯ ಸಾಲಾಗಿ ಬರೆದುಕೊಂಡರು.